ಜೂಲಿಬಾಯಿಯ ಉಪವಾಸ

ಕುದಿಸಿದ ಶೇಂಗಾದ ವಾಸನೆ ಎಷ್ಟು ದೂರ ಬರುತ್ತದೆ ಎಂಬುದು ಹೊಟ್ಟೆ ತುಂಬಿದವರಿಗೆ ತಿಳಿಯುವುದಿಲ್ಲ. ನನಗೆ ತಿಳಿದದ್ದು ಮೊನ್ನೆ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ. ಹರ್ನಿಯಾ ಆಪರೇಷನ್ನಿಗೆಂದು ಹಿಂದಿನ ರಾತ್ರಿಯಿಂದ ನನಗೆ ಊಟ ನೀರು ಬಂದ್ ಮಾಡಿದ್ದರು. ಬೆಳಿಗ್ಗೆಯೇ ಕರೆಯುತ್ತೇವೆ ಎಂದವರು ಮಧ್ಯಾಹ್ನವಾದರೂ ಕರೆದಿರಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ಹಾನಗಲ್ ಕಡೆಯ ಹೆಣ್ಣುಮಗಳೊಬ್ಬಳು ಗಂಡನ ಕಾಲ ಬಳಿ ಕುಳಿತು, ಪೇಪರಿನ ಪೊಟ್ಟಣ ಬಿಚ್ಚಿ, ಉಪ್ಪು ಹಾಕಿ ಕುದಿಸಿದ ಶೇಂಗಾವನ್ನು ಒಂದೊಂದಾಗಿ ಸುಲಿಯುತ್ತಿದ್ದಳು. ಹಸಿವಾದರೆ ನನ್ನ ನಾಲಿಗೆಗೆ ಲಗಾಮಿರುವುದಿಲ್ಲ. ಬೆಳಿಗ್ಗೆಯಿಂದ ಪಕ್ಕದಲ್ಲಿ ಕುಳಿತ ಹೆಂಡತಿಯ ಮೇಲೆ ಹರಿಹಾಯ್ದು ಹರಿಹಾಯ್ದು, ಬೈಯಲು ಹೊಸ ಕಾರಣವೂ ಉಳಿದಿರಲಿಲ್ಲ. ಪಾಪ, ಅವಳು ದಿಂಬು ಸರಿಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು.

ಉಪವಾಸಕ್ಕೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿಯ ಸಂಬಂಧ. ಸವಣೂರಿನಲ್ಲಿ ನಮ್ಮದು ವೈಷ್ಣವರ ಮನೆ. ಏಕಾದಶಿ ಬಂತೆಂದರೆ ನನ್ನ ಅಜ್ಜಿ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ನನಗೆ ಮಾತ್ರ ಫಲಾಹಾರವೆಂಬ ರಿಯಾಯಿತಿ ಇತ್ತು. ಬಾಳೆಹಣ್ಣು, ಅವಲಕ್ಕಿ, ಸಾಬೂದಾಣಿ, ಮೇಲೆ ಒಂದು ಲೋಟ ಹಾಲು ಎಂದು ನಾನು ಆ ದಿನ ತಿನ್ನುತ್ತಿದ್ದುದು ಮರುದಿನದ ಪಾರಣೆಗಿಂತ ಹೆಚ್ಚಾಗುತ್ತಿತ್ತು. ಹೀಗಿದ್ದ ನಾನು ಬದುಕಿನಲ್ಲಿ ಒಂದೇ ಒಂದು ಉಪವಾಸವನ್ನು ನೇಮದಿಂದ ಮಾಡಿದ್ದೇನೆ. ಅದೂ ದೇವರಿಗಾಗಿ ಅಲ್ಲ, ಒಂದು ಚಿಂಪಾಂಜಿಗಾಗಿ. ನಗಬೇಡಿ, ಹೇಳುತ್ತೇನೆ. ಶೇಂಗಾದ ಆ ವಾಸನೆ ನನ್ನನ್ನು ಸೀದಾ ಅಲ್ಲಿಗೇ ಕರೆದುಕೊಂಡು ಹೋಗಿತ್ತು.

ದುಂಡಸಿಯಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ, ಕೆಲವು ವರ್ಷಗಳ ಹಿಂದೆ, ಸರ್ಕಸ್ಸುಗಳಿಂದ ಬಿಡಿಸಿ ತಂದ ಪ್ರಾಣಿಗಳಿಗೆಂದು ಒಂದು ಚಿಕ್ಕ ಆಶ್ರಯಧಾಮವಿತ್ತು. ನಾನು ಅದರ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಪ್ರಾಣಿಶಾಸ್ತ್ರ ಓದಿದವನು ಎಂದು ಊರಲ್ಲಿ ಹೇಳಿಕೊಳ್ಳುತ್ತಿದ್ದೆನಾದರೂ, ಮಾಡುತ್ತಿದ್ದುದು ಬಾಳೆಗೊನೆ ತೂಗುವ ಕೆಲಸ ಮತ್ತು ಶಿಗ್ಗಾಂವಿ ಸಂತೆಯಲ್ಲಿ ಗಜ್ಜರಿ ಗೆಡ್ಡೆಗೆ ಚೌಕಾಸಿ. ಅಲ್ಲಿ ಚಿಂಪಾಂಜಿಗಳಿದ್ದುದು ಎರಡೇ: ಭೀಮನೆಂಬ ಮುದಿ ಗಂಡು, ಜೂಲಿಯೆಂಬ ಹೆಣ್ಣು. ಅವೆರಡನ್ನೂ ನೋಡಿಕೊಳ್ಳುತ್ತಿದ್ದವನು ಹುಲಗೂರಿನ ದಾವಲಸಾಬ. ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದ, ಉಳಿದಂತೆ ಧಾಮದ ಮೂಲೆಯ ಕೋಣೆಯೇ ಅವನ ಮನೆ. ಜೂಲಿಯನ್ನು ಅವನು ಮರ್ಯಾದೆಯಿಂದ ಜೂಲಿಬಾಯಿ ಎನ್ನುತ್ತಿದ್ದ.

ಅವನ ಬಕೆಟ್ಟಿನ ಸದ್ದು ಕೇಳಿದರೆ ಸಾಕು, ಭೀಮ ತಗಡಿನ ಬಾಗಿಲು ಗುದ್ದುವನು, ಜೂಲಿ ಕೂಗಿ ಸುತ್ತಲಿನ ಕಾಗೆಗಳನ್ನೆಲ್ಲ ಎಬ್ಬಿಸುವಳು. ಮೊದಲು ಜೋಳದ ನುಚ್ಚಿನ ಗಂಜಿ. ಅವು ಬಯಲಂಗಳಕ್ಕೆ ಹೋದ ಮೇಲೆ ಮಲಗುವ ಕೋಣೆ ತೊಳೆಯುವುದು, ಹೊಸ ಹುಲ್ಲು ಹಾಸುವುದು. ತಿನಿಸನ್ನು ಸುಮ್ಮನೆ ಮುಂದಿಡುವಂತಿಲ್ಲ. ಹಣ್ಣನ್ನು ಹುಲ್ಲಿನೊಳಗೆ ಬಚ್ಚಿಡಬೇಕು, ಶೇಂಗಾವನ್ನು ಗೋಣಿಚೀಲದಲ್ಲಿ ಗಂಟು ಕಟ್ಟಿ ಎತ್ತರಕ್ಕೆ ತೂಗುಹಾಕಬೇಕು. ಇಲ್ಲದಿದ್ದರೆ ಅವಕ್ಕೆ ಹೊತ್ತು ಹೋಗುವುದಿಲ್ಲ, ಬೇಸರಕ್ಕೆ ತಮ್ಮ ಕೂದಲನ್ನೇ ಕಿತ್ತುಕೊಳ್ಳುತ್ತವೆ. ಸಂಜೆಯಾದರೆ ಜೂಲಿ ಜೋಳದ ದಂಟಿನ ಕಣಿಕೆ, ಹರಿದ ಗೋಣಿ ಎಲ್ಲ ಒಟ್ಟುಮಾಡಿ, ಸುತ್ತಲೂ ಮಡಿಚಿ, ಒತ್ತಿ ನೋಡಿ ತನ್ನ ಹಾಸಿಗೆ ತಾನೇ ಮಾಡಿಕೊಳ್ಳುವಳು. ಒಮ್ಮೆ ಅದನ್ನು ನೋಡಿದ ನನ್ನ ಹೆಂಡತಿ ಆಮೇಲೆ ಎಷ್ಟೋ ದಿನ ಅವಳ ಉದಾಹರಣೆ ಕೊಟ್ಟು ನನ್ನ ಮಾನ ಕಳೆದಳು.

ಸರ್ಕಸ್ಸಿನವರು ಜೂಲಿಗೆ ಕಲಿಸಿದ ದೊಡ್ಡ ವಿದ್ಯೆಯೆಂದರೆ ಸಲಾಮು. ಸಲಾಮು ಹೊಡೆದರೆ ತಿನಿಸು, ಆಟದಲ್ಲಿ ತಪ್ಪಿದರೆ ದಿನವಿಡೀ ಉಪವಾಸ. ನಮ್ಮಲ್ಲಿಗೆ ಬಂದ ಹೊಸದರಲ್ಲಿ ಯಾರು ಕಂಡರೂ, ಹಾಲಿನವನು ಕಂಡರೂ, ಎದ್ದು ನಿಂತು ಹಣೆಗೆ ಕೈ ಹಚ್ಚುತ್ತಿದ್ದಳು. ಬಂದವರು ನಗುತ್ತಿದ್ದರು. ದಾವಲಸಾಬ ನಗುತ್ತಿರಲಿಲ್ಲ. ಅವಳು ಸಲಾಮು ಹೊಡೆದಾಗ ಬೇರೆ ಕಡೆ ನೋಡುತ್ತಿದ್ದ, ಸುಮ್ಮನೆ ಕುಳಿತಾಗ ಕೊಡುತ್ತಿದ್ದ. “ದುಡದು ತಿನ್ನೂದು ಮುಗೀತವ್ವಾ ನಿಂದು. ಇನ್ನ ಆರಾಮ ಕುಂತು ಉಣ್ಣು” ಎನ್ನುತ್ತಿದ್ದ. ಆ ಸಲಾಮು ಬಿಡಿಸಲು ಅವನಿಗೆ ವರ್ಷದ ಮೇಲೆ ಹಿಡಿಯಿತು. ಅದಕ್ಕೆ ಬದಲಾಗಿ ಅವನು ಕಲಿಸಿದ್ದು ಎರಡೇ: ಬಾಯಿ ತೆರೆದು ತೋರಿಸುವುದು, ಸೂಜಿಗೆ ಭುಜ ಒಡ್ಡುವುದು. ಎರಡೂ ಅವಳ ಔಷಧೋಪಚಾರಕ್ಕೆ ಬೇಕಾದವು. ಎರಡಕ್ಕೂ ಕೂಡಲೇ ಶೇಂಗಾ, ಅದೂ ಮಾರುದ್ದದ ಮರದ ಸೌಟಿನಲ್ಲಿ. ಏಕೆಂದರೆ ಜಾಲರಿಯಿಂದ ಒಂದು ಮಾರು ದೂರಕ್ಕೆ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಅದನ್ನು ಯಾರೂ ದಾಟುವಂತಿರಲಿಲ್ಲ. ಸರ್ಕಸ್ಸಿನಲ್ಲಿ ತನ್ನನ್ನು ಕುಣಿಸುತ್ತಿದ್ದವನ ಬೆರಳನ್ನು ಜೂಲಿ ಕಚ್ಚಿ ತೆಗೆದಿದ್ದಳೆಂದು ಅವಳನ್ನು ತಂದವರು ಹೇಳಿಯೇ ಬಿಟ್ಟುಹೋಗಿದ್ದರು.

ಆ ವರ್ಷ ರಮಜಾನ್ ತಿಂಗಳಲ್ಲಿ ಜೂಲಿಯ ಬಲಗೆನ್ನೆ ಬಾತುಕೊಂಡಿತು. ಧಾರವಾಡದಿಂದ ಬರುತ್ತಿದ್ದ ಡಾಕ್ಟರ್ ಸುಮಂಗಲಾ ನೋಡಿ ಮುಖ ಸಣ್ಣದು ಮಾಡಿದರು. ಹಲ್ಲಿನ ಬೇರಿನಲ್ಲಿ ಕೀವು, ಅದು ಕಣ್ಣಿನ ಕಡೆಗೆ ಏರುತ್ತಿದೆ, ಔಷಧಕ್ಕೆ ಬಗ್ಗುತ್ತಿಲ್ಲ, ನಾಳೆಯೇ ಹಲ್ಲು ಕೀಳಬೇಕು. “ಹೊಟ್ಟ್ಯಾಗ ಒಂದ ತುತ್ತ ಇದ್ರೂ ಮಂಪರಿನ್ಯಾಗ ವಾಂತಿ ಆಗಿ ಉಸಿರಿನ ನಾಳಕ್ಕ ಹೋಗ್ತೈತಿ. ಅಲ್ಲಿಗೆ ಮುಗೀತು. ಇವತ್ತ ಸಂಜೀಯಿಂದ ಆಕಿಗೆ ಏನೂ ಇಲ್ಲ. ಆಕಿ ಎದುರಿಗೆ ನೀವೂ ಯಾರೂ ತಿನ್ನಬ್ಯಾಡ್ರಿ, ಬಾಯಿ ವಾಸನಿಗೇ ಕಂಡುಹಿಡೀತಾಳ” ಎಂದರು. ಭೀಮನನ್ನು ಹಿಂದಿನ ಕೋಣೆಗೆ ಕಳಿಸಿದೆವು. ಮರುದಿನ ಬೆಳಿಗ್ಗೆ ನಮ್ಮ ಒಲೆ ಹೊತ್ತಲಿಲ್ಲ. ದಾವಲಸಾಬ ಹೇಗೂ ರೋಜಾದಲ್ಲಿದ್ದ. “ಆಕೀನೂ ಉಪಾಸ, ನಾನೂ ಉಪಾಸ. ನಿಮಗ ಹೆಂಗ ಆಕ್ಕೈತ್ರಿ ರಾಯರ?” ಎಂದು ನನ್ನನ್ನು ಕೆಣಕಿದ. ಅವನ ನಗು ಅಷ್ಟೇ, ಆ ದಿನ ಅವನು ಮತ್ತೆ ನಗಲಿಲ್ಲ.

ಜೂಲಿ ಜಾಲರಿಗೆ ಮುಖ ಹಚ್ಚಿ ಬಕೆಟ್ಟಿನ ದಾರಿ ಕಾದಳು. ಬಕೆಟ್ಟು ಬರಲಿಲ್ಲ. ಕೂಗಿದಳು, ಬಾಗಿಲು ಬಡಿದಳು, ಮೈಯ ಕೂದಲೆಲ್ಲ ನಿಮಿರಿಸಿ ಕೋಣೆಯ ತುಂಬ ಓಡಾಡಿದಳು. ಆಮೇಲೆ ಒಮ್ಮೆಲೇ ಸುಮ್ಮನಾದಳು. ಎರಡು ಕಾಲ ಮೇಲೆ ಎದ್ದು ನಿಂತಳು, ಬೆನ್ನು ನೆಟ್ಟಗೆ ಮಾಡಿದಳು, ಬಲಗೈಯನ್ನು ಹಣೆಗೆ ಹಚ್ಚಿದಳು.

ಸಲಾಮು. ನಾವು ಯಾರೂ ಅಲುಗಲಿಲ್ಲ. ಅವಳು ಒಂದು ಲಾಗ ಹಾಕಿದಳು. ಚಪ್ಪಾಳೆ ತಟ್ಟಿದಳು. ಇಲ್ಲದ ಸೈಕಲ್ಲಿನ ಹ್ಯಾಂಡಲ್ ಹಿಡಿದು ಕೋಣೆಯನ್ನು ಸುತ್ತಿದಳು. ಬಾತ ಮುಖದಲ್ಲಿ, ನೋವಿನಲ್ಲಿ, ಮತ್ತೆ ಎದ್ದು ಸಲಾಮು. ತಾನೇನೋ ತಪ್ಪು ಮಾಡಿದ್ದೇನೆ, ಅದಕ್ಕೇ ಇವತ್ತು ಊಟವಿಲ್ಲ ಎಂದು ಅವಳು ತಿಳಿದಿದ್ದಳು. ದಾವಲಸಾಬ ಗೋಡೆಗೆ ಮುಖ ಮಾಡಿ ನಿಂತ. “ರಾಯರ, ಸರ್ಕಸ್ಸಿನ್ಯಾವ್ರು ಮಾಡಿದ್ದ ನಾನೂ ಮಾಡಾಕತ್ತೇನಲ್ರಿ” ಎಂದ. ನನ್ನ ಹೊಟ್ಟೆಯಲ್ಲಿ ಆಗ ಹಸಿವಿತ್ತೋ ಇಲ್ಲವೋ ನೆನಪಿಲ್ಲ.

ಡಾಕ್ಟರು ಮಂಪರಿನ ಔಷಧವನ್ನು ಉದ್ದ ಕೋಲಿನ ಸೂಜಿಗೆ ತುಂಬಿಕೊಂಡು ಬಂದವರು ಹಾಗೇ ನಿಂತರು. ಜೂಲಿಯ ದವಡೆ ಆಡುತ್ತಿತ್ತು. “ಏನೋ ಜಗ್ಯಾಕತ್ತಾಳ. ಯಾರ್ ಕೊಟ್ರಿ?” ಯಾರೂ ಕೊಟ್ಟಿರಲಿಲ್ಲ. ಅದು ತಿನಿಸಾಗಿದ್ದರೆ ಸೂಜಿ ಹಾಕುವಂತಿಲ್ಲ, ಸೂಜಿ ಹಾಕದೆ ಬಿಟ್ಟರೆ ಕೀವು ನಿಲ್ಲುವುದಿಲ್ಲ. “ಬಾಯಿ ನೋಡದ ನಾ ಮುಂದುವರ್ಯಂಗಿಲ್ಲ” ಎಂದರು ಡಾಕ್ಟರು. ಬಾಯಿ ತೆರೆಸಬೇಕೆಂದರೆ ಶೇಂಗಾ ಬೇಕು. ಇಷ್ಟು ದಿನ ಅವಳು ಕಲಿತದ್ದೇ ಹಾಗೆ. ಆದರೆ ಶೇಂಗಾ ಕೊಡುವಂತಿಲ್ಲದ ದಿನ ಅದೊಂದೇ.

ದಾವಲಸಾಬ ಖಾಲಿ ಸೌಟು ಹಿಡಿದು ಹಳದಿ ಗೆರೆಗೆ ಬಂದು ನಿಂತ. ಜೂಲಿ ಸೌಟು ನೋಡಿದಳು, ಅವನ ಇನ್ನೊಂದು ಕೈ ನೋಡಿದಳು. ಎರಡೂ ಖಾಲಿ. ಅವಳು ಸಲಾಮು ಹೊಡೆದಳು. ಅವನು ತಲೆ ತಗ್ಗಿಸಿದ. ಆಮೇಲೆ ತನ್ನ ಒಣಗಿದ ಬಾಯಿಯನ್ನು ಅಗಲಿಸಿ ತೋರಿಸಿದ. “ನೋಡ ಜೂಲಿಬಾಯಿ, ನನ್ನ ಬಾಯೀನೂ ಖಾಲಿ ಐತಿ. ಹೊತ್ತು ಮುಣಗೂತನಕ ಖಾಲೀನ. ನಿಂದೂ ತೋರಸವ್ವಾ.”

ಎಷ್ಟು ಹೊತ್ತಾಯಿತೋ. ಜೂಲಿ ಹತ್ತಿರ ಬಂದು ಬಾಯಿ ತೆರೆದಳು. ಕೆಳದುಟಿಯೊಳಗೆ ಕಂದುಬಣ್ಣದ ಮುದ್ದೆಯೊಂದಿತ್ತು. ಅದನ್ನು ತಾನೇ ಬೆರಳಿನಿಂದ ತೆಗೆದು ಸೌಟಿನಲ್ಲಿ ಇಟ್ಟಳು. ಗೋಣಿಚೀಲದ ನಾರು. ಹಸಿವಿಗೆ ತನ್ನ ಹಾಸಿಗೆಯನ್ನೇ ಅಗಿದಿದ್ದಳು, ನುಂಗಿರಲಿಲ್ಲ. ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ ತಲೆಯಾಡಿಸಿದರು. ಜೂಲಿ ಬೆರಳುಗಳನ್ನು ಜಾಲರಿಯಿಂದ ಹೊರಗೆ ಚಾಚಿ ಕಾದಳು. ಬಾಯಿ ತೋರಿಸಿದ್ದಕ್ಕೆ ಅವಳಿಗೆ ಬರಬೇಕಾದದ್ದು ಬರಲಿಲ್ಲ. “ಭುಜ” ಎಂದ ದಾವಲಸಾಬ. ಅವನ ದನಿ ಒಡೆದಿತ್ತು. ಅವಳು ಅದನ್ನೂ ಕೊಟ್ಟಳು. ಕೋಲನ್ನು ಅವನೇ ಹಿಡಿಯಬೇಕಿತ್ತು, ಬೇರೆಯವರಿಗೆ ಅವಳು ಭುಜ ಕೊಡುತ್ತಿರಲಿಲ್ಲ. ಸೂಜಿ ಚುಚ್ಚಿತು. ಕಣ್ಣು ಮುಚ್ಚುವವರೆಗೂ ಅವಳು ಅವನನ್ನೇ ನೋಡುತ್ತಿದ್ದಳು.

ಹಲ್ಲು ಹೊರಗೆ ಬಂತು, ಬೊಗಸೆ ಕೀವೂ ಬಂತು. ಸಂಜೆಗೆ ಜೂಲಿ ಎದ್ದು ಕುಳಿತಳು. ನಾನು ಗೆದ್ದೆವೆಂದುಕೊಂಡೆ. ಆದರೆ ಮರುದಿನ ಗಂಜಿ ಒಯ್ದಾಗ ಅವಳು ನನಗೆ ಎದ್ದು ನಿಂತು ಸಲಾಮು ಹೊಡೆದಳು. ಡಾಕ್ಟರಿಗೂ ಹೊಡೆದಳು. ದಾವಲಸಾಬ ಬಂದರೆ ಮಾತ್ರ ಗೋಡೆಯ ಕಡೆ ತಿರುಗಿ ಕುಳಿತಳು, ಅವನು ತಂದದ್ದನ್ನು ಮುಟ್ಟಲಿಲ್ಲ. ದಿನಗಳು ಹೀಗೇ ಹೋದವು. “ಜೀವ ಉಳೀತ್ರಿ, ಖರೆ. ಆದ್ರ ಆಕಿ ತಿರುಗಿ ಸರ್ಕಸ್ಸಿಗೆ ಹೋಗಿಬಿಟ್ಟಾಳ್ರಿ ರಾಯರ” ಎಂದ. ಅವನ ಕಣ್ಣುಗಳು ಗುಳಿಬಿದ್ದಿದ್ದವು. ರೋಜಾದಿಂದಲೋ ಇದರಿಂದಲೋ, ಕೇಳುವ ಧೈರ್ಯ ನನಗಿರಲಿಲ್ಲ.

ಗಾಯ ಮಾಯತೊಡಗಿದ ಮೇಲೆ, ಮೆತ್ತಗೆ ಕುದಿಸಿದ ಶೇಂಗಾ ಕೊಡಬಹುದೆಂದು ಡಾಕ್ಟರು ಹೇಳಿದರು. ಹತ್ತಿಮತ್ತೂರಿನಿಂದ ತರಿಸಿದ ಕಾಯಿಗಳನ್ನು ನಾನೇ ನೆನೆಸಿ ಕುದಿಸಿದೆ. ಮಧ್ಯಾಹ್ನ ಬುಟ್ಟಿ ಹಿಡಿದು ಹೋದರೆ, ದಾವಲಸಾಬ ಹಳದಿ ಗೆರೆ ದಾಟಿ ಜಾಲರಿಗೆ ಮುಖ ಕೊಟ್ಟು ಕುಳಿತಿದ್ದಾನೆ. ಆಗಲೇ ಅಡುಗೆಮನೆಯಿಂದ ಒಂದು ಹಿಡಿ ಕಾಯಿ ಒಯ್ದು ಜಾಲರಿಯ ಸಂದಿಯಲ್ಲಿ ಇಟ್ಟಿದ್ದ. ನನಗೆ ಸರ್ಕಸ್ಸಿನವನ ಬೆರಳು ನೆನಪಾಯಿತು. ಕೂಗೋಣವೆಂದರೆ ಜೂಲಿ ಬೆದರಿ ಏನು ಮಾಡುವಳೋ! ಅವಳು ಆಗಲೇ ಅವನ ಎದುರಿಗೆ ಬಂದು ಕುಳಿತಿದ್ದಳು. ಜಾಲರಿಯಿಂದ ಒಂದು ಬೆರಳು ಹೊರಗೆ ಬಂತು. ಅವನ ತುಟಿಯನ್ನು ಮುಟ್ಟಿತು, ಮೇಲೆತ್ತಿತು. ಅವನು ಬಾಯಿ ತೆರೆದ. ಜೂಲಿ ಬಗ್ಗಿ, ಡಾಕ್ಟರು ತನ್ನ ಬಾಯಿ ನೋಡುವ ಹಾಗೆ, ಅವನ ಬಾಯೊಳಗೆ ನೋಡಿದಳು. ನಾನು ಬುಟ್ಟಿ ಹಿಡಿದೇ ನಿಂತಿದ್ದೆ.

ಅವಳು ಒಂದು ಕಾಯಿ ಎತ್ತಿಕೊಂಡು ಒಡೆದಳು. ಎರಡು ಕಾಳು. ಒಂದನ್ನು ತಾನು ತಿಂದಳು. ಇನ್ನೊಂದನ್ನು ಜಾಲರಿಯಿಂದ ತೂರಿಸಿ ಅವನ ಬಾಯೊಳಗೆ ಇಟ್ಟಳು.

ಹೊತ್ತು ಇನ್ನೂ ನೆತ್ತಿಯ ಮೇಲಿತ್ತು, ಅವನು ರೋಜಾದಲ್ಲಿದ್ದ. ಜೂಲಿ ಅವನ ದವಡೆಯನ್ನೇ ನೋಡುತ್ತಿದ್ದಳು. ಅವನು ಅಗಿಯಲಿಲ್ಲ, ಉಗುಳಲೂ ಇಲ್ಲ. ಮೆಲ್ಲಗೆ ಬಾಯಿ ಮುಚ್ಚಿ ಕಾಳನ್ನು ದವಡೆಗೆ ಸರಿಸಿಕೊಂಡು ಕುಳಿತೇ ಇದ್ದ. ಜೂಲಿ ಇನ್ನೊಂದು ಕಾಯಿ ತಿಂದಳು, ಮತ್ತೊಂದು ತಿಂದಳು, ಆಮೇಲೆ ಜಾಲರಿಗೆ ಭುಜ ಆನಿಸಿ ಅವನ ಅಂಗಿಯ ತೋಳಿನ ದಾರ ಎಳೆಯುತ್ತ ಕುಳಿತಳು. ಸಲಾಮು ಹೊಡೆಯಲಿಲ್ಲ. ಅವಳು ಎದ್ದು ಬಯಲಂಗಳಕ್ಕೆ ಹೋದ ಮೇಲೆಯೇ ಅವನು ಎದ್ದು ಬಂದು ಕಾಳನ್ನು ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡ.

ಸಂಜೆ ದುಂಡಸಿಯ ಕಡೆಯ ಮಸೀದಿಯಿಂದ ಬಾಂಗ್ ಕೇಳಿತು. ಅವನ ಮುಂದೆ ತಟ್ಟೆಯಲ್ಲಿ ಖಜೂರವಿತ್ತು. ಅದನ್ನು ಸರಿಸಿ, ಕರವಸ್ತ್ರ ಬಿಚ್ಚಿ, ಆ ಒಂದು ಕಾಳಿನಿಂದ ರೋಜಾ ಬಿಟ್ಟ. “ನನ್ನ ರೋಜಾ ಉಳೀತೋ ಇಲ್ಲೋ ಖುದಾಗ ಗೊತ್ತು ರಾಯರ. ಉಗುಳಿದ್ರ ಆಕಿ ಏನ್ ತಿಳಕೋತಿದ್ಲು ಅನ್ನೂದು ನನಗ ಗೊತ್ತಿತ್ತು” ಎಂದ. ರಾಜ್ಯದ ಗಡಿಯಾಚೆಯ ದೊಡ್ಡ ಧಾಮವೊಂದಕ್ಕೆ ಅವಳನ್ನೂ ಭೀಮನನ್ನೂ ಕಳಿಸುವವರೆಗೆ ಜೂಲಿ ಮತ್ತೆ ಯಾರಿಗೂ ಸಲಾಮು ಹೊಡೆಯಲಿಲ್ಲ. ದಾವಲಸಾಬ ಈಗ ಹುಲಗೂರಿನ ದರ್ಗಾದ ಹತ್ತಿರ ಸಕ್ಕರೆ, ಊದುಬತ್ತಿ ಮಾರುತ್ತಾನೆ. ಸಿಕ್ಕಾಗ ಜೂಲಿಯ ಮಾತು ನಾನೂ ತೆಗೆಯುವುದಿಲ್ಲ, ಅವನೂ ತೆಗೆಯುವುದಿಲ್ಲ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಹಾನಗಲ್ಲಿನ ಆ ಹೆಣ್ಣುಮಗಳು ಎದ್ದು ಬಂದು ನನ್ನ ಹೆಂಡತಿಯ ಕೈಗೆ ಒಂದು ಹಿಡಿ ಶೇಂಗಾ ಹಾಕಿದಳು. “ತಿನ್ರಿ ಅಕ್ಕಾರ, ಮುಂಜಾನಿಂದ ಬರೇ ಬೈಸಿಕೊಂಡ ಕುಂತೀರಿ” ಎಂದಳು. ಇಡೀ ವಾರ್ಡಿಗೇ ಗೊತ್ತಾಗಿತ್ತು ಎಂದಾಯಿತು. ಹೆಂಡತಿ ನಕ್ಕು ಅದನ್ನು ತಿನ್ನದೆ ಸೆರಗಿನಲ್ಲಿ ಕಟ್ಟಿಕೊಂಡಳು. ಆಗ ನಾನು ಅವಳ ಮುಖವನ್ನು ಸರಿಯಾಗಿ ನೋಡಿದೆ. ತುಟಿ ಒಣಗಿತ್ತು.

“ನೀ ಮುಂಜಾನಿಂದ ಏನರೆ ತಿಂದೀಯೇನ?”

“ನೀವು ನೀರೂ ಇಲ್ಲದ ಮಲಗಿರಬೇಕಾದ್ರ ನನಗ ಹ್ಯಾಂಗ ಇಳೀತದ? ಆಮ್ಯಾಲೆ ಇಬ್ಬರೂ ತಿನ್ನೋಣ ತಗೋರಿ.”

ನಾನು ಕೈ ಚಾಚಿ ಅವಳ ಸೆರಗಿನ ಗಂಟು ಬಿಚ್ಚಿ ಒಂದು ಕಾಯಿ ತೆಗೆದುಕೊಂಡೆ. “ಅಯ್ಯ, ನೀವು ತಿನ್ನಂಗಿಲ್ಲರೀ!” ಎಂದು ಗಾಬರಿಯಾದಳು. ಒಡೆದೆ. ಬೆರಳಿಗೆ ಉಪ್ಪುನೀರು ಹತ್ತಿತು.

“ಬಾಯಿ ತಗಿ.”

“ಮಂದಿ ನೋಡ್ತಾರರೀ.”

“ನೋಡ್ಲಿ.”

ಮದುವೆಯಾದಾಗಿನಿಂದ ನಾನು ಅವಳ ಬಾಯಿಗೆ ಏನನ್ನೂ ಇಟ್ಟವನಲ್ಲ. ಅವಳು ಸುತ್ತ ಒಮ್ಮೆ ನೋಡಿ, ತಲೆಯ ಮೇಲಿನ ಸೆರಗನ್ನು ಮೂಗಿನ ತನಕ ಇಳಿಸಿಕೊಂಡು ಬಾಯಿ ತೆರೆದಳು. ಒಂದು ಕಾಳು ಇಟ್ಟೆ. ಅಷ್ಟರಲ್ಲಿ ನನ್ನನ್ನು ಒಯ್ಯಲು ಗಾಲಿಮಂಚ ಬಂತು. ಇನ್ನೊಂದು ಕಾಳನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.