ಒಂದು ಹೋಳಿಗೆ, ಎರಡು ಗುಳಿಗೆ

ಆ ಮಾತನ್ನು ಯಾರು ಆಡಿದರು ಎಂಬುದು ನನಗೆ ಖಚಿತವಿಲ್ಲ. ಊಟದ ಪಂಕ್ತಿಯಲ್ಲಿ ಕುಳಿತಿದ್ದ ಊರ ಹಿರಿಯ ಮುತ್ತಪ್ಪಜ್ಜ ಅಂತ ನೆನಪು. ನೆನಪನ್ನು ನಂಬಿ ಅಂಕಣ ಬರೆಯಬಾರದು ಅನ್ನುವುದೂ ಗೊತ್ತಿದೆ.

ಮಾತು ಇಷ್ಟೇ: "ಇವತ್ತ ಗುಳಿಗಿ ಎರಡ ನುಂಗ್ರಿ, ಹೋಳಿಗಿ ಹೊಡೀರಿ. ಸಮಾ ಆಕೈತಿ."

ಮೂರು ವರ್ಷದ ಹಿಂದೆ, ಅಗಡಿಯಲ್ಲಿ, ನಮ್ಮಕ್ಕನ ಮಗಳ ನಿಶ್ಚಿತಾರ್ಥದ ಊಟ. ಅಕ್ಕನ ಗಂಡ ಭರಮಪ್ಪ ಮಾಮಾ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಚೀಲ ಹೊರುವ ಹಮಾಲರು. ಆಗಷ್ಟೇ ಶುಗರ್ ಪತ್ತೆಯಾಗಿತ್ತು. ನನ್ನ ನೆನಪಿನಲ್ಲಿ ಅವರೇ ಇನ್ನೊಂದು ಹೋಳಿಗೆ ಕೇಳಿದರು, ಅವರ ಪಕ್ಕದ ಎಲೆಯ ಅಜ್ಜ ಆ ಮಾತು ಹೇಳಿದ, ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ.

ನಗು ಮುಗಿಯಿತು. ಮಾತು ಉಳಿಯಿತು. ಹಬ್ಬಕ್ಕೆ ಎರಡು ಗುಳಿಗೆ, ಮದುವೆಗೆ ಎರಡು ಗುಳಿಗೆ, ಮಾರ್ಕೆಟ್‌ನಲ್ಲಿ ಮಿರ್ಚಿ-ಮಂಡಕ್ಕಿ ಜಾಸ್ತಿಯಾದ ದಿನವೂ ಎರಡು. ಸರ್ಕಾರಿ ದವಾಖಾನೆಯಲ್ಲಿ ಕೊಡುವುದು ತಿಂಗಳಿಗೆ ಆಗುವಷ್ಟು. ಹೀಗಾಗಿ ತಿಂಗಳ ಕೊನೆಗೆ ಗುಳಿಗೆಯೇ ಇಲ್ಲ. (ಅಕ್ಕ ಕಟ್ಟಿಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯ ಸಂಜೆ ಹಾಗೇ ವಾಪಸ್. ಎಲ್ಲರೂ ಮಿರ್ಚಿ ತಿನ್ನುವಾಗ ಒಬ್ಬರೇ ಬುತ್ತಿ ಬಿಚ್ಚುವುದು ಹೇಗೆ?)

ಹೋದ ಸುಗ್ಗಿಯಲ್ಲಿ ಅವರ ಕಾಲಿಗೆ ಮೊಳೆ ಚುಚ್ಚಿತು. ಮೆಣಸಿನಕಾಯಿ ರಾಶಿಯಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಗಾಯದ ಪರೀಕ್ಷೆ ಒಂದೇ: ಖಾರ ತಾಗಿ ಉರಿದರೆ ಹಸಿ ಗಾಯ, ಉರಿಯದಿದ್ದರೆ ಮಾಯ್ದ ಗಾಯ. ಮಾಮಾನ ಗಾಯ ಮೊದಲ ದಿನವೇ ಉರಿಯಲಿಲ್ಲ.

"ಎಷ್ಟ ಲಗೂ ಮಾಯ್ತು ನೋಡ," ಎಂದು ಅಕ್ಕನಿಗೆ ಖುಷಿಯಿಂದ ಹೇಳಿದರಂತೆ.

ಮಾಯ್ದಿರಲಿಲ್ಲ. ಉರಿ ತಿಳಿಸಬೇಕಾದ ನರಗಳನ್ನೇ ಶುಗರ್ ತಿಂದು ಹಾಕಿತ್ತು.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಮೊದಲು ಬೆರಳು ಹೋಯಿತು. ಆಮೇಲೆ ಅರ್ಧ ಪಾದ. ನೋಡಲು ಹೋದೆ.

"ಬರ್ರಿ ಪ್ರೊಫೆಸರ್ ಸಾಹೇಬ್ರ, ಕುಂದ್ರಿ," ಎಂದರು ಮಾಮಾ. (ನಾನು ಪ್ರೊಫೆಸರ್ ಅಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದ್ದಕ್ಕೆ ಅವರು ಕೊಟ್ಟ ಶಿಕ್ಷೆ.) "ನಿಮ್ಮ ಪುಸ್ತಕದಾಗ ಅರ್ಧ ಪಾದದ ಹಮಾಲಗ ಎಷ್ಟ ಪಗಾರ ಬರದಾರ?"

ಅಕ್ಕ ಗದರಿದಳು: "ಸುಮ್ನಿರ್ರಿ. ಬಿಪಿಎಲ್ ಕಾರ್ಡಿನಾಗ ಆಪರೇಶನ್ ಫ್ರೀ ಆತಲ್ಲ, ಪುಣ್ಯಾ ಅನ್ರಿ."

"ಖರೇ. ನಾಳಿಂದ ಚೀಲಾನೂ ಆ ಕಾರ್ಡ ಹೊರತೈತೇನ?"

ಅಕ್ಕ ಕಿಟಕಿ ಕಡೆ ತಿರುಗಿದಳು.

ನಮ್ಮ ಪುಸ್ತಕದ ಲೆಕ್ಕವೇ ಬೇರೆ. ಮನೆಯ ರೊಟ್ಟಿ ತಿಂದು ಮಾಮಾ ಗಟ್ಟಿಯಾಗಿದ್ದಿದ್ದರೆ ಆಸ್ಪತ್ರೆ, ಔಷಧಿ, ಆಟೋ, ವಿಶೇಷ ಚಪ್ಪಲಿ ಯಾವುದಕ್ಕೂ ವ್ಯಾಪಾರವಿಲ್ಲ. ಈಗ ಎಲ್ಲಕ್ಕೂ ಇದೆ. ಎಲ್ಲವೂ ದೇಶದ ಬೆಳವಣಿಗೆಗೆ ಜಮಾ. ಕತ್ತರಿಸಿದ ಪಾದ ಜಿಡಿಪಿಯಲ್ಲಿ ಕಾಣುತ್ತದೆ, ಉಳಿಯಬಹುದಾಗಿದ್ದ ಪಾದ ಎಲ್ಲೂ ಕಾಣುವುದಿಲ್ಲ. ಹಮಾಲನ ಬಂಡವಾಳವೇ ಅವನ ಎರಡು ಕಾಲು ಎಂದು ಹೇಳಲು ಎಂ.ಎ. ಬೇಕೇ? ಅವನ್ನು ಕಾಯಲು ಆಗಾಗ ಒಂದು ರಕ್ತಪರೀಕ್ಷೆ, ದಿನಕ್ಕೊಂದು ಗುಳಿಗೆ, ನಾಲ್ಕು ಜನರ ಮುಂದೆ ಬುತ್ತಿ ಬಿಚ್ಚುವ ಧೈರ್ಯ ಸಾಕಿತ್ತು. ಬೇಡ ಅಂದವರ ಎಲೆಗೆ ಬಡಿಸದೆ ಮುಂದೆ ಹೋಗುವ ಮರ್ಯಾದೆಯೂ ನಮಗಿರಬೇಕಿತ್ತು. ಆದರೆ ಒತ್ತಾಯ ಮಾಡದ ಊಟವನ್ನು ನಮ್ಮ ಕಡೆ ಊಟ ಅಂತಾರೆಯೇ?

ಈ ವಾರ ಮುತ್ತಪ್ಪಜ್ಜನನ್ನು ಬೈದು ಬರೆಯುವುದು ಅಂತ ಕುಳಿತಿದ್ದೆ. ಅಜ್ಜ ಈಗಿಲ್ಲ, ತಿರುಗಿ ಬೈಯುವುದಿಲ್ಲ. ಎಷ್ಟು ಅನುಕೂಲ! ಆದರೂ ಅನುಮಾನ ಬಿಡಲಿಲ್ಲ. ಅಕ್ಕನ ಮಗಳಿಂದ ನಿಶ್ಚಿತಾರ್ಥದ ವಿಡಿಯೊ ತರಿಸಿಕೊಂಡು ನೋಡಿದೆ.

ಮಾಮಾ ಎರಡೂ ಕೈ ಎಲೆಗೆ ಅಡ್ಡ ಹಿಡಿದು "ಬ್ಯಾಡ್ರಿ, ಬ್ಯಾಡ" ಅನ್ನುತ್ತಿದ್ದಾರೆ. ಅಜ್ಜ ತಲೆ ತಗ್ಗಿಸಿ ತನ್ನ ಪಾಡಿಗೆ ಉಣ್ಣುತ್ತಿದ್ದಾನೆ.

ಆ ಕೈಗಳನ್ನು ಸರಿಸಿ, ಹೋಳಿಗೆ ಹಾಕಿ, ಎರಡು ಗುಳಿಗೆ ನುಂಗಲು ಹೇಳುತ್ತಿರುವವನು ನಾನು.