ಬಾಗಿಲಲ್ಲಿ ಕೂತ ಫೆತು

ಫೆತು ಸಮೋವಾ ದ್ವೀಪದವನು. ನಾವಿರುವ ಈ ಕೊಲ್ಲಿ ದೇಶದ ಸಲ್ವಾದ ಶಾಲೆಯೊಂದರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾನೆ. ನಮ್ಮ ಮಗಳು ಶೆರಿಲ್‌ಳನ್ನು ಕೇಳಲು ಹವಲ್ಲಿಯ ನಮ್ಮ ಮನೆಗೆ ಒಬ್ಬನೇ ಬಂದಿದ್ದ. ನನ್ನ ಗಂಡ ಬರ್ನಾರ್ಡ್ ಉರಿದುಬಿದ್ದರು.

"ಹಿರಿಯರಿಲ್ಲದೆ ಹೆಣ್ಣು ಕೇಳ್ಲಿಕ್ಕೆ ಬರುವುದಾ? ನಮಗೇನು ಮರ್ಯಾದೆ ಇಲ್ವಾ?" ಎಂದು ಬಾಗಿಲು ಹಾಕಿಕೊಂಡರು. ಅವನ ಬಣ್ಣ, ದೇಶ ಎಲ್ಲವೂ ಆ ಸಿಟ್ಟಿನೊಳಗಿತ್ತು. ನನ್ನ ಗಂಡ ನನಗೆ ಗೊತ್ತಿಲ್ಲವೇ!

ಮುಂದಿನ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ನಾವು ಪೂಜೆ ಮುಗಿಸಿ ಚರ್ಚಿನಿಂದ ಬಂದಾಗ, ಬಾಗಿಲಷ್ಟು ಎತ್ತರದ ಆ ಮನುಷ್ಯ ನಮ್ಮ ಹೊಸ್ತಿಲ ಮುಂದೆ ತಲೆ ಮೇಲೆ ಚಾಪೆ ಹೊದ್ದು, ಬಾಗಿ ಕೂತಿದ್ದ. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡುತ್ತಿದ್ದರು.

"ಇದೆಂಥ ನಾಟಕ?" ಬರ್ನಾರ್ಡ್ ಗುಡುಗಿದರು.

"ಡ್ಯಾಡಿ, ಇದು ಅವರ ಊರಿನ ಕ್ರಮ," ಎಂದಳು ಶೆರಿಲ್. "ತಪ್ಪು ಮಾಡಿದವರು ನೊಂದವರ ಮನೆ ಮುಂದೆ ಹೀಗೆ ಕೂತುಕೊಳ್ತಾರೆ. ನೀವು ಬೈಬಹುದು, ಹೊಡೀಬಹುದು. ಕ್ಷಮಿಸಿದರೆ ಚಾಪೆ ತೆಗೀಬೇಕು. ಅಲ್ಲಿವರೆಗೆ ಅವನು ಏಳುವುದಿಲ್ಲ."

ಫೆತು ಅಲುಗಲಿಲ್ಲ. ಬೆಟ್ಟವೊಂದು ತಾನಾಗಿಯೇ ತಲೆಬಾಗಿದಂತಿತ್ತು. ಬರ್ನಾರ್ಡ್ ಬಗ್ಗಿ ಚಾಪೆಯ ಅಂಚು ಮುಟ್ಟಿದರು. ಅದು ರೇಷ್ಮೆಯಷ್ಟು ನುಣುಪಾಗಿತ್ತು.

"ಯಾರು ಹೆಣೆದದ್ದು?"

"ನನ್ನ ಅಜ್ಜಿ," ಚಾಪೆಯೊಳಗಿನಿಂದ ಫೆತುವಿನ ಧ್ವನಿ ಬಂತು. "ಅವರು ಈಗ ಇಲ್ಲ."

ಬರ್ನಾರ್ಡ್ ಎರಡೂ ಕೈಯಿಂದ ಚಾಪೆಯನ್ನೆತ್ತಿ, ಮೆಲ್ಲಗೆ ಮಡಚಿ, ಎದೆಗೊತ್ತಿಕೊಂಡರು.

"ಇಸಾಬೆಲ್, ಚಾ ಇಡು," ಎಂದರು ನನಗೆ. "ಹುಡುಗನ ಕಡೆಯ ಹಿರಿಯರು ಬಂದಿದ್ದಾರೆ."