‘ಆವು’ ಅಂದರೆ ಒಪ್ಪಿಗೆಯಲ್ಲ

ಪುತ್ತೂರಿಗೆ ಬಂದಿಳಿದ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋಗಿ, ‘ತಿನ್ನಾಕ ಏನೈತ್ರಿ?’ ಎಂದು ಕೇಳಿದೆ. ಬಡಿಸುತ್ತಿದ್ದ ನಡುವಯಸ್ಸಿನವರು ನನ್ನ ಮುಖವನ್ನು ಒಂದು ಕ್ಷಣ ನೋಡಿ ಹಿಂದಿಯಲ್ಲಿ ಉತ್ತರ ಕೊಟ್ಟರು. ನಾನು ಮತ್ತೆ ಕನ್ನಡದಲ್ಲೇ ಕೇಳಿದೆ. ಅವರು ಮತ್ತೆ ಹಿಂದಿಯಲ್ಲೇ ಹೇಳಿದರು. ಗೋಡೆಯ ಮೇಲೆ ತಿಂಡಿಗಳ ಪಟ್ಟಿ ಕನ್ನಡದಲ್ಲಿತ್ತು. ಪಕ್ಕದ ಮೇಜಿನವರು ಓದುತ್ತಿದ್ದ ಪೇಪರೂ ಕನ್ನಡದ್ದೇ. ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೆ ಆಡದ ನಾನು ಮಾತ್ರ ಅಲ್ಲಿ ಕನ್ನಡದವಳಾಗಿರಲಿಲ್ಲ.

ನನ್ನದು ರಾಯಚೂರು ಕಡೆಯ ಊರು. ಕಾನೂನು ಓದಿದ್ದೇನೆ. ಕೋರ್ಟಿನಲ್ಲಿ ನಿಂತು ವಾದಿಸುವ ಎದೆಗಾರಿಕೆ ಇಲ್ಲದೆ ಹತ್ತು ವರ್ಷ ಬೇರೆಯವರ ಅರ್ಜಿಗಳನ್ನು ಟೈಪ್ ಮಾಡಿದವಳು. ಹಾಗಿರುವಾಗ ಒಂದು ಸಂಸ್ಥೆಯಿಂದ ಈ ಕೆಲಸ ಬಂತು. ಕಾನೂನು ನೆರವು ಕೇಳಿ ಬರುವವರು ತಮ್ಮ ಮನೆಮಾತಿನಲ್ಲೇ ಕಷ್ಟ ಹೇಳಬಹುದು, ಕೇಂದ್ರದ ಸ್ವಯಂಸೇವಕರು ಅದನ್ನು ಕನ್ನಡದಲ್ಲಿ ಬರೆದು ಕಡತ ಮಾಡುತ್ತಾರೆ ಎಂಬ ಸರ್ಕಾರಿ ಯೋಜನೆ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕುಗಳಲ್ಲಿ ನಡೆಯುತ್ತಿತ್ತು. ಅದರಿಂದ ಜನರಿಗೆ ನಿಜವಾಗಿ ನ್ಯಾಯ ಹತ್ತಿರವಾಯಿತೇ ಎಂದು ನೋಡಿ ವರದಿ ಮಾಡುವುದು ನನ್ನ ಪಾಲಿನ ಕೆಲಸ. ಹನ್ನೊಂದು ತಿಂಗಳ ಕರಾರು. ಸೇರುವ ದಿನ ನನ್ನ ಮೂಲ ಅಂಕಪಟ್ಟಿಗಳನ್ನೆಲ್ಲ ತೆಗೆದಿಟ್ಟುಕೊಂಡರು. ವರದಿ ಒಪ್ಪಿಸಿದ ಮೇಲೆ ವಾಪಸು ಕೊಡುತ್ತೇವೆ ಎಂದರು. ನಾನೂ ತಲೆಯಾಡಿಸಿ ಸಹಿ ಹಾಕಿದೆ.

ಪುತ್ತೂರಿನಲ್ಲಿ ಜಯಂತಿ ಅಕ್ಕ ಎಂಬವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಅವರು ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನೊಡನೆ ಪುಸ್ತಕದಂಥ ಶುದ್ಧ ಕನ್ನಡ ಆಡುತ್ತಿದ್ದರು. ನಾನು ಮೆಟ್ಟಿಲು ಹತ್ತಿದ ಕೂಡಲೇ ಮನೆಯೊಳಗೆ ತುಳು ಶುರುವಾಗುತ್ತಿತ್ತು. ನನಗಾಗಿ ಮಾತು ಬದಲಿಸುತ್ತಿದ್ದಾರೆಂಬುದು ಮರ್ಯಾದೆಯೇ. ಆದರೆ ದಿನವೂ ಅತಿಥಿಯಾಗಿರುವುದು ಎಷ್ಟು ದಣಿವಿನ ಕೆಲಸವೆಂದು ಆಗ ತಿಳಿಯಿತು. ಊಟಕ್ಕೆ ಅವರು ಕೊಡುತ್ತಿದ್ದ ಕುಚ್ಚಲಕ್ಕಿ ಗಂಜಿಯನ್ನು ಮೊದಲ ವಾರ ಕಣ್ಣು ಮುಚ್ಚಿ ನುಂಗಿದೆ. ಜೋಳದ ಹಿಟ್ಟು ಹುಡುಕಿ ತಂದು ರೊಟ್ಟಿ ತಟ್ಟಿದರೆ, ಒಂದೇ ದಿನದಲ್ಲಿ ಅದು ಒದ್ದೆ ಕರವಸ್ತ್ರದಂತಾಯಿತು. ನಮ್ಮಲ್ಲಿ ತಿಂಗಳಿಟ್ಟರೂ ಮುರಿದರೆ ಟಕ್ಕೆನ್ನುತ್ತದಲ್ಲ, ಆ ರೊಟ್ಟಿ ಇಲ್ಲಿ ಬದುಕುವುದಿಲ್ಲ. ಅವ್ವ ಫೋನಿನಲ್ಲಿ, ‘ಅಲ್ಲೆ ಏನ್ ಉಣ್ತೀಬೇ?’ ಎಂದು ಕೇಳಿದಾಗಲೆಲ್ಲ ಸುಳ್ಳು ಹೇಳುತ್ತಿದ್ದೆ.

ಇನ್ನೊಂದು ಸಂಗತಿಗೆ ಒಗ್ಗಲು ಇನ್ನೂ ಹೆಚ್ಚು ದಿನ ಬೇಕಾಯಿತು. ನಮ್ಮ ಕಡೆ ಊರ ಹೊರಗೆ ನಿಂತರೆ ಮುಂದಿನ ಊರಿನ ಬೇವಿನ ಮರ ಕಾಣುತ್ತದೆ. ಇಲ್ಲಿ ಇಪ್ಪತ್ತು ಹೆಜ್ಜೆಗೊಂದು ತಿರುವು, ತಿರುವಿನಾಚೆ ಏನಿದೆ ಗೊತ್ತಿಲ್ಲ. ನಮ್ಮಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಕುಳಿತಿರುತ್ತವೆ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಹಾಗಾಗಿ ದಾರಿ ಎಂಬುದಕ್ಕೆ ಇಲ್ಲಿ ಬೇರೆಯೇ ತೂಕ. ನೆರವು ಕೇಂದ್ರಗಳ ಕಡತ ಬಿಚ್ಚಿದರೆ ಎಲ್ಲೆಲ್ಲೂ ದಾರಿಯ ತಕರಾರೇ. ಬೇರೆಯವರ ಜಾಗ ದಾಟದೆ ರಸ್ತೆಗೆ ಬರಲಾಗದ ಮನೆಗಳು ಅಷ್ಟಿವೆ.

ಸುಳ್ಯದಲ್ಲಿ ಅರೆಭಾಷೆ ಆಡುವವರಿದ್ದಾರೆ, ಅದು ಕನ್ನಡಕ್ಕೆ ಹತ್ತಿರ ಎಂದು ಯಾರೋ ಧೈರ್ಯ ಹೇಳಿದ್ದರು. ಅಲ್ಲಿನ ಹಿರಿಯರೊಬ್ಬರು ‘ಜಾಗ ಉಟ್ಟು’ ಎಂದಾಗ, ಜಾಗವನ್ನು ಹೇಗೆ ಉಡುತ್ತಾರೆಂದು ಪೆನ್ನು ಹಿಡಿದು ಕುಳಿತೆ. ಜಾಗ ಇದೆ ಎಂದಷ್ಟೇ ಅರ್ಥ. ಅವರೂ ನಕ್ಕರು, ನಾನೂ ನಕ್ಕೆ. ಎಲ್ಲ ತಪ್ಪೂ ನಗುವಿನಲ್ಲಿ ಮುಗಿಯುವಂಥದ್ದು ಎಂದು ಆಗ ನಂಬಿದ್ದೆ.

ಮೂರು ತಾಲೂಕುಗಳಲ್ಲಿ ಯಾವುದೆಂದು ಹೇಳುವುದಿಲ್ಲ, ಒಂದು ಕೇಂದ್ರದಲ್ಲಿ ವನಿತಾ ಎಂಬ ಸ್ವಯಂಸೇವಕಿ ಇದ್ದಳು. ಮೂವತ್ತರ ಹತ್ತಿರದವಳು, ಚುರುಕು, ಅಕ್ಷರ ಮುತ್ತಿನ ಹಾಗೆ. ಹಳ್ಳಿಗಳಿಗೆ ಹೋಗುವಾಗ ನನಗೆ ದುಭಾಷಿಯಾಗಿ ಬರುತ್ತಿದ್ದವಳು ಅವಳೇ. ಒಂದು ಮಧ್ಯಾಹ್ನ ನಾವು ‘ರಾಜಿಯಲ್ಲಿ ಇತ್ಯರ್ಥ’ ಎಂದು ಬರೆದಿದ್ದ ಕಡತವೊಂದನ್ನು ಹಿಡಿದು ಸೀತಕ್ಕ ಎಂಬವರ ಮನೆಗೆ ಹೊರಟೆವು. ಜೀಪಿನಿಂದಿಳಿದ ಕೂಡಲೇ ರಬ್ಬರ್ ತೋಟದ ನಡುವೆ ಒಂದು ಅಗಲವಾದ ಮಣ್ಣುದಾರಿ, ಅದಕ್ಕೆ ಬೀಗ ಹಾಕಿದ ಕಬ್ಬಿಣದ ಗೇಟು.

‘ಇದರಲ್ಲಿ ಹೋಗುದು ಬೇಡ ಮೇಡಂ, ಆಚೆಯಿಂದ ಹೋಗುವ’ ಎಂದು ವನಿತಾ ತೋಡಿನ ಬದಿಗೆ ಇಳಿದಳು. ತೋಡು ಎಂದರೆ ಸಣ್ಣ ಹಳ್ಳ. ಜಾರುವ ಕಲ್ಲುಗಳ ಮೇಲೆ ಕಾಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಅರ್ಧ ಗಂಟೆ ನಡೆದೆವು.

ಸೀತಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಒಳಗೆ ಅವರ ಗಂಡ ಬಾಬಣ್ಣ ಮಲಗಿದ್ದರು. ಪಾರ್ಶ್ವವಾಯು ಬಡಿದು ಬಲಭಾಗ ನಿಂತುಹೋಗಿತ್ತು. ‘ಬಲೆ, ಕುಲ್ಲುಲೆ’ ಎಂದು ಸೀತಕ್ಕ ಚಾಪೆ ಹಾಸಿದರು. ಬನ್ನಿ, ಕುಳಿತುಕೊಳ್ಳಿ ಎಂದು. ಅಷ್ಟು ತುಳು ನನಗೆ ಬಂದಿತ್ತು.

ನಾನು ನಮೂನೆ ತೆಗೆದು ಮೊದಲ ಪ್ರಶ್ನೆ ಓದಿದೆ: ‘ಕೇಂದ್ರದ ಸೇವೆ ತಮಗೆ ತೃಪ್ತಿಕರವಾಗಿತ್ತೇ?’ ವನಿತಾ ತುಳುವಿನಲ್ಲಿ ಕೇಳಿದಳು. ಸೀತಕ್ಕ ಬೀಡಿಯ ಮೊರ ಕೆಳಗಿಟ್ಟು ಐದು ನಿಮಿಷ ಮಾತಾಡಿದರು. ಗೇಟಿನ ದಿಕ್ಕಿಗೆ ಕೈ ತೋರಿಸಿದರು. ಗಂಡನ ಕಡೆ ತೋರಿಸಿದರು. ‘ಸಾದಿ, ಸಾದಿ’ ಎಂಬ ಶಬ್ದ ಮತ್ತೆ ಮತ್ತೆ ಬಂತು. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡರು.

ವನಿತಾ ನನ್ನ ಕಡೆ ತಿರುಗಿ, ‘ತೃಪ್ತಿ ಉಂಟಂತೆ’ ಎಂದಳು.

ನಾನು ಗುರುತು ಹಾಕಿದೆ. ಹೌದು, ಹಾಕಿದೆ. ಇದನ್ನು ಓದುವವರು ನನ್ನನ್ನು ಏನೆಂದುಕೊಂಡರೂ ಸರಿ. ಐದು ನಿಮಿಷದ ಮಾತು ಎರಡು ಶಬ್ದವಾಗಿದ್ದನ್ನು ಕಿವಿಯಾರೆ ಕೇಳಿಯೂ, ಬಸ್ಸಿಗೆ ತಡವಾಗುತ್ತದೆಂದು ಮುಂದಿನ ಪ್ರಶ್ನೆಗೆ ಹೋದೆ.

ಆ ಸಂಜೆ ಜಯಂತಿ ಅಕ್ಕನನ್ನು ಕೇಳಿದೆ, ‘ಸಾದಿ ಅಂದರೇನು?’

‘ದಾರಿ. ಯಾಕೆ?’

ಕಡತದ ನಕಲು ತೋರಿಸಿದೆ. ‘ಸದರಿ ಗೇಟು ಹಾಕುವ ಬಗ್ಗೆ ಅರ್ಜಿದಾರರಿಗೆ ತಿಳಿಸಲಾಗಿ, ಅವರು ಆವು ಎಂದು ಒಪ್ಪಿಗೆ ಸೂಚಿಸಿರುತ್ತಾರೆ’ ಎಂದಿತ್ತು. ಜಯಂತಿ ಅಕ್ಕ ಕನ್ನಡಕ ಏರಿಸಿ ಎರಡು ಸಲ ಓದಿದರು.

‘ಎಂತ ಮಾರಾಯ್ತಿ ಇದು? ಆವು ಅಂದರೆ ಒಪ್ಪಿಗೆಯಾ? ನಾವು ಎಲ್ಲದಕ್ಕೂ ಆವು ಹೇಳುದು. ಫೋನಿನಲ್ಲಿ ಹೇಳುದು ನೀವೇ ಕೇಳಿದ್ದೀರಲ್ಲ. ನೀನು ಹೇಳಿದ್ದು ಕೇಳಿತು ಅಂತ ಅಷ್ಟೆ.’

ಮೂರು ದಿನ ಬಿಟ್ಟು ಒಬ್ಬಳೇ ಸೀತಕ್ಕನ ಮನೆಗೆ ಹೋದೆ. ಜಯಂತಿ ಅಕ್ಕನ ಹತ್ತಿರ ಹತ್ತು ವಾಕ್ಯ ಬರೆಸಿಕೊಂಡು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ನನ್ನ ತುಳು ಕೇಳಿ ಬಾಬಣ್ಣನ ಅರ್ಧ ಮುಖ ನಕ್ಕಿತು. ಸೀತಕ್ಕನಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಸಂಕೋಚ. ಆ ದಿನ ಇಬ್ಬರೂ ಮುರುಕು ಮಾತಿನಲ್ಲೇ ಎರಡು ಗಂಟೆ ಕುಳಿತೆವು.

‘ಮೊದಲು ಆಟೋ ಅಂಗಳಕ್ಕೆ ಬರ್ತಿತ್ತು’ ಎಂದರು. ‘ಗೇಟು ಹಾಕಿದ ಮೇಲೆ ಇಲ್ಲ. ಒಮ್ಮೆ ಇವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ್ಕೊಳ್ಳಿಸಿ ತೋಡಿನಲ್ಲಿ ಹೊತ್ತುಕೊಂಡು ಹೋದದ್ದು. ನಡುವಿನಲ್ಲಿ ಒಬ್ಬ ಜಾರಿದ. ಮತ್ತೆ ಇವರು ಆಸ್ಪತ್ರೆಯೇ ಬೇಡ ಹೇಳಿದ್ರು. ಎಂಟು ತಿಂಗಳಾಯ್ತು, ಅಂಗಳ ಬಿಟ್ಟು ಹೋಗ್ಲಿಲ್ಲ.’

‘ನೀವು ಒಪ್ಪಿದ್ದೀರಿ ಅಂತ ಬರೆದಿದೆ’ ಎಂದೆ.

ಸೀತಕ್ಕ ಎದ್ದು ನಿಂತರು. ಅಷ್ಟು ಹೊತ್ತು ಕಷ್ಟಪಟ್ಟು ಆಡುತ್ತಿದ್ದ ಕನ್ನಡ ಬಿಟ್ಟುಹೋಯಿತು. ‘ಯಾನ್ ಒಪ್ಪುದಿಜ್ಜಿ! ಎಂಕ್ ಸಾದಿ ಬೋಡು!’ ನಾನು ಒಪ್ಪಿಲ್ಲ, ನನಗೆ ದಾರಿ ಬೇಕು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಹೊರಡುವಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು, ‘ಆ ಗೇಟು ವನಿತಾನ ಮಾವನದ್ದು. ಅವಳ ಗಂಡನ ಅಪ್ಪ. ಪಾಪ, ಅವಳಿಗೆ ಬೈಬೇಡಿ.’

ಬೈಯಬೇಕೆಂದೇ ಹೋಗಿದ್ದೆ. ಕೇಂದ್ರದಲ್ಲಿ ವನಿತಾಳ ಮುಂದೆ ಕಡತವಿಟ್ಟಾಗ ಅವಳು ಅದನ್ನು ಮುಟ್ಟಲಿಲ್ಲ.

‘ಎಂತ ಮಾಡುದು ಮೇಡಂ? ನೀವು ಹನ್ನೊಂದು ತಿಂಗಳಿಗೆ ಬಂದವರು. ನಾನು ಆ ಮನೆಯಲ್ಲೇ ಇರ್ಬೇಕು. ಸೀತಕ್ಕ ಅರ್ಜಿ ಕೊಡ್ಲಿಕ್ಕೆ ಬಂದ ದಿನ ಮಾವ ಹೊರಗೆ ಬೈಕಿನಲ್ಲಿ ಕೂತಿದ್ರು, ನನ್ನನ್ನು ಕರ್ಕೊಂಡು ಹೋಗ್ಲಿಕ್ಕೆ. ಸರಿಯಾಗಿ ಬರೆದಿದ್ರೆ ಅದನ್ನು ಅವರಿಗೆ ಕೇಳುವ ಹಾಗೆಯೇ ಓದಿ ಹೇಳಬೇಕಿತ್ತು. ಹಾಗಾಗಿ ಸೀತಕ್ಕನಿಗೆ ಓದಿ ಹೇಳ್ಲೇ ಇಲ್ಲ.’

ನಾನೂ ಗುರುತು ಹಾಕಿದವಳೇ.

ಬೆಂಗಳೂರಿನಲ್ಲಿದ್ದ ನಮ್ಮ ಮೇಲಧಿಕಾರಿಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ. ಅವರು ಸಾವಧಾನದಿಂದಲೇ ಕೇಳಿದರು. ‘ಅದು ಆ ಒಂದು ಮನೆಯ ಸಮಸ್ಯೆ ಶರಣಮ್ಮ. ನಾವು ನೋಡಬೇಕಾದ್ದು, ಅರ್ಜಿದಾರರಿಗೆ ಅವರ ಭಾಷೆಯಲ್ಲಿ ಮಾತಾಡುವ ಅವಕಾಶ ಸಿಕ್ಕಿತೇ ಅಂತ. ಸಿಕ್ಕಿದೆಯಲ್ಲ? ಆಕೆ ಮಾತಾಡಿದ್ದಾರೆ. ತಪ್ಪು ಬರೆದರು ಅಂತ ಹೇಳೋಕೆ ನಮೂನೆಯಲ್ಲಿ ಕಾಲಂ ಇಲ್ಲ. ಕಾಲಂ ಇಲ್ಲದ್ದನ್ನು ಬರೆದರೆ ವರದಿ ವಾಪಸು ಬರುತ್ತೆ. ವರದಿ ಒಪ್ಪಿಗೆ ಆಗದೆ ನಿಮ್ಮ ದಾಖಲೆಗಳೂ ಬಿಡುಗಡೆ ಆಗಲ್ಲ, ನೋಡಿ.’

ಬೆದರಿಸಿದಂತಿರಲಿಲ್ಲ, ಹವಾಮಾನ ಹೇಳಿದಂತಿತ್ತು. ಕೋಣೆಗೆ ಬಂದು ಕಿಟಕಿ ತೆರೆದೆ. ಎದುರಿಗೆ ಗುಡ್ಡ. ಇನ್ನೊಂದು ಕಿಟಕಿ ತೆರೆದೆ, ಅಲ್ಲೂ ಗುಡ್ಡ. ದೂರಕ್ಕೆ ಕಣ್ಣು ಹಾಯಿಸುವ ಜಾಗವೇ ಇಲ್ಲವೆಂದು, ಬಂದ ಮೇಲೆ ಮೊದಲ ಬಾರಿಗೆ ಅತ್ತೆ. ಊರಿಗೆ ಹೋಗೋಣವೆಂದರೆ ಅಂಕಪಟ್ಟಿಗಳಿಲ್ಲ. ಇಲ್ಲೇ ಇರೋಣವೆಂದರೆ ನನ್ನ ಕೈಯಿಂದಲೇ ಸೀತಕ್ಕನನ್ನು ‘ತೃಪ್ತಿ’ಯ ಸಾಲಿಗೆ ಸೇರಿಸಬೇಕು.

ಮಾರನೆಯ ದಿನ ಟೈಪಿಸ್ಟಳ ಹಳೆಯ ಕೆಲಸವನ್ನೇ ಮಾಡಿದೆ. ಸೀತಕ್ಕನ ಮುಂದೆ ಕುಳಿತು ಹೊಸ ಅರ್ಜಿ ಬರೆದೆ. ಹಾಳೆಯ ಎಡಕ್ಕೆ ಅವರು ಆಡಿದ ತುಳು ಮಾತು, ಆಡಿದ ಹಾಗೆಯೇ, ಕನ್ನಡ ಅಕ್ಷರದಲ್ಲಿ. ಬಲಕ್ಕೆ ಅದರ ಕನ್ನಡ. ಜಯಂತಿ ಅಕ್ಕ ಬಂದು ಎರಡನ್ನೂ ಓದಿ ಹೇಳಿದರು, ಸೀತಕ್ಕ ನಾಲ್ಕು ಕಡೆ ತಿದ್ದಿಸಿದರು, ಆಮೇಲೆ ಹೆಬ್ಬೆಟ್ಟು ಒತ್ತಿದರು. ಅದನ್ನು ಕಾನೂನು ನೆರವಿನ ಮೇಲಿನ ಕಚೇರಿಗೆ ಕೊಟ್ಟೆವು.

ವಿಚಾರಣೆಯ ದಿನ ವನಿತಾಳನ್ನೂ ಕರೆಸಿದ್ದರು. ಅವಳ ಮಾವ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಕನ್ನಡದವರಾದ ಅಧಿಕಾರಿ ಹಳೆಯ ಕಡತ ಎತ್ತಿ, ‘ಒಪ್ಪಿಗೆ ಕೊಟ್ಟಿದ್ದಾರೆ ಅಂತ ಇದೆಯಲ್ಲಮ್ಮ?’ ಎಂದು ವನಿತಾಳನ್ನು ಕೇಳಿದರು.

ವನಿತಾ ಎದ್ದು ನಿಂತಳು. ಅವಳು ನಿಜ ಹೇಳಲಿಕ್ಕಿಲ್ಲ ಎಂದೇ ನಾನು ಭಾವಿಸಿದ್ದೆ.

‘ಅವರು ಹೇಳಿದ್ದು ಆವು ಅಂತ ಸರ್. ಒಪ್ಪಿಗೆ ಅಂತ ಬರೆದದ್ದು ನಾನು’ ಎಂದಳು. ಹಿಂದೆ ಬೆಂಚು ಸರಿದ ಸದ್ದಾಯಿತು. ಅವಳ ಮಾವ ಎದ್ದು ಹೊರಗೆ ಹೋದರು. ಅವಳು ತಿರುಗಿ ನೋಡಲಿಲ್ಲ.

ಜಾಗ ಪರಿಶೀಲನೆ ನಡೆದು, ಕೊನೆಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಗೇಟು ತೆರೆದಿರಬೇಕೆಂದೂ ಒಂದು ಬೀಗದ ಕೈ ಸೀತಕ್ಕನ ಹತ್ತಿರ ಇರಬೇಕೆಂದೂ ಆಯಿತು. ಪೂರ್ತಿ ದಾರಿಯ ಹಕ್ಕಿನ ಪ್ರಶ್ನೆ ಇನ್ನೂ ಬಾಕಿ ಇದೆ. ಆದರೆ ಬಾಬಣ್ಣ ಆಟೋದಲ್ಲಿ ಕುಳಿತು ಆಸ್ಪತ್ರೆಗೆ ಹೋದರು. ಹೋಗುವಾಗ ಪೇಟೆಯಲ್ಲಿ ಆಟೋ ನಿಲ್ಲಿಸಲು ಹೇಳಿ, ಏನೂ ಕೊಳ್ಳದೆ, ಹೋಗಿ ಬರುವವರನ್ನು ನೋಡುತ್ತ ಕುಳಿತಿದ್ದರಂತೆ. ವನಿತಾ ಕೇಂದ್ರದ ಕೆಲಸ ಬಿಟ್ಟಳು. ಆ ಮನೆಯಲ್ಲೇ ಇದ್ದಾಳೆ. ಮಾವ ಅವಳೊಡನೆ ಮಾತಾಡುವುದಿಲ್ಲ. ಅವಳು ಗೆದ್ದಳೆಂದು ಬರೆಯಲು ನನಗೆ ಕೈ ಬರುವುದಿಲ್ಲ.

ನನ್ನ ವರದಿಯ ಕೊನೆಯಲ್ಲಿ ಒಂದು ಪುಟ ಹೆಚ್ಚಿಗೆ ಸೇರಿಸಿದೆ. ಮನೆಮಾತಿನಲ್ಲಿ ಮಾತಾಡಲು ಬಿಟ್ಟರೆ ಸಾಲದು, ಬರೆದದ್ದನ್ನು ಅದೇ ಮಾತಿನಲ್ಲಿ ತಿರುಗಿ ಓದಿ ಹೇಳಬೇಕು. ಹಾಗೆ ಮಾಡದ ಕಡತಗಳನ್ನು ಇತ್ಯರ್ಥವೆಂದು ನಾನು ಎಣಿಸಿಲ್ಲ ಎಂದು ಬರೆದೆ. ವರದಿ ವಾಪಸು ಬಂತು. ಎಲ್ಲ ಕೇಂದ್ರಗಳನ್ನೂ ಮತ್ತೊಮ್ಮೆ ನೋಡಬೇಕೆಂದು ಕರಾರನ್ನು ಇನ್ನೊಂದು ವರ್ಷಕ್ಕೆ ಎಳೆದರು. ಅಂಕಪಟ್ಟಿಗಳು ಇಂದಿಗೂ ಅವರ ಕಪಾಟಿನಲ್ಲಿವೆ. ಬಿಟ್ಟು ಹೋಗಲಾರೆ. ಹೋಗಬೇಕೆಂದು ಎಷ್ಟು ಆಸೆಯಿದೆ ಎಂಬುದೂ ಈಗ ಸ್ಪಷ್ಟವಿಲ್ಲ.

ಮೊನ್ನೆ ಒಂದು ವಾರ ರಜೆ ಸಿಕ್ಕಿ ಊರಿಗೆ ಹೋಗಿದ್ದೆ. ಬಯಲು ಕಂಡು ಎದೆ ಅಗಲವಾಯಿತು. ಅವ್ವನ ಕೈಯ ರೊಟ್ಟಿ, ಪುಂಡಿಪಲ್ಯ. ಆದರೆ ನಾನು ‘ನೀರು ಉಂಟಾ?’ ಎಂದಾಗ ಅವ್ವ ನನ್ನನ್ನು ಯಾರೋ ಎಂಬಂತೆ ನೋಡಿದಳು. ಅವಳ ಪಿಂಚಣಿಯ ಕಾಗದಕ್ಕೆಂದು ಒಂದು ಕಚೇರಿಗೆ ಹೋದೆವು. ಸಾಲಿನಲ್ಲಿ ನಮ್ಮ ಮುಂದೆ ತಾಂಡಾದಿಂದ ಬಂದ ಲಂಬಾಣಿ ಮುದುಕಿ. ಕಿಟಕಿಯೊಳಗಿನವರಿಗೆ ಅವಳು ತನ್ನ ಮಾತಿನಲ್ಲಿ ಏನೋ ಹೇಳುತ್ತಲೇ ಇದ್ದಳು. ಒಳಗಿನವರು ಬರೆಯುತ್ತಲೇ ಇದ್ದರು. ಇಂಥ ಸಾಲುಗಳಲ್ಲಿ ನಿಂತೇ ದೊಡ್ಡವಳಾದವಳು ನಾನು. ಆ ಮಾತು ಹುಟ್ಟಿದಾಗಿನಿಂದ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಅದರ ಒಂದು ಶಬ್ದವೂ ನನಗೆ ಬರುವುದಿಲ್ಲವೆಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಮುದುಕಿ ಕಣ್ಣೊರೆಸಿಕೊಂಡು ಈ ಕಡೆ ತಿರುಗಿದಳು. ನಾನು ಅವಳ ಕೈ ಹಿಡಿದೆ. ಏನಾಯಿತು ಎಂದು ಕೇಳಬೇಕಿತ್ತು, ಅವಳಿಗೆ ಗೊತ್ತಿರುವ ಮಾತಿನಲ್ಲಿ. ನನ್ನ ಕನ್ನಡ ಅವಳಿಗೆ ಸಾಲದೆಂದು ತಿಳಿದು ನಾಲಗೆ ಇನ್ನೊಂದು ಮಾತನ್ನು ಹುಡುಕಿತು. ಹುಡುಕಿ ತಂದದ್ದು ತುಳುವನ್ನು.

‘ದಾದ ಆಂಡ್?’ ಎಂದೆ.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ನನ್ನ ಅವ್ವನೂ ಇದ್ದಳು.